ಮಗಳ ಅಳತೆಗೆ ಹೊಲಿಯದ ಕೋಟು

ಟೈಲರಮ್ಮನ ಅಂಗಡಿಗೆ ಬಟ್ಟೆ ಹೊಲಿಸಲು ಬಂದವರು ಬಟ್ಟೆಯನ್ನಷ್ಟೇ ಕೊಟ್ಟು ಹೋಗುತ್ತಿರಲಿಲ್ಲ, ಬುದ್ಧಿಮಾತನ್ನೂ ಕೊಟ್ಟು ಹೋಗುತ್ತಿದ್ದರು. ಬಟ್ಟೆಗಾದರೆ ಅಳತೆ ಬೇಕು, ಬುದ್ಧಿಮಾತಿಗೆ ಅದೂ ಬೇಡವಲ್ಲ! ಒಬ್ಬರು ಚಪ್ಪಲಿ ಬಿಡುವ ಮೊದಲೇ "ನಿಮ್ಮ ಮಗಳು ಇನ್ನೂ ದಪ್ಪ ಆದಳಲ್ರೀ" ಎನ್ನುತ್ತಿದ್ದರು. ಇನ್ನೊಬ್ಬರು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿಸಿ ಎನ್ನುತ್ತಿದ್ದರು. ಎದುರುಮನೆಯಾಕೆಯಂತೂ "ರಾತ್ರಿ ಊಟ ಬಿಡಿಸಿಬಿಡಿ, ತಾನಾಗೇ ಕರಗ್ತಾಳೆ" ಎಂದು ಹೇಳದೆ ಒಂದು ಗುಂಡಿಯನ್ನೂ ಹಾಕಿಸಿಕೊಂಡು ಹೋದವಳಲ್ಲ. ಆ ಮಗಳು ಒಳಕೋಣೆಯಲ್ಲೇ ಕೂತು ಓದುತ್ತಿರುತ್ತಿದ್ದಳು. ನಡುವೆ ಇದ್ದದ್ದು ಒಂದು ತೆಳು ಪರದೆ. ಪರದೆ ಮಾತನ್ನು ತಡೆಯುವುದಿಲ್ಲ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಟೈಲರಮ್ಮ ಕೆಟ್ಟ ತಾಯಿಯೇನಲ್ಲ. ಮಗಳೆಂದರೆ ಅವಳಿಗೆ ಜೀವ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಕಡ್ಡಿಯಂಥ ಆಸಾಮಿ, ಎಷ್ಟು ತಿಂದರೂ ಮೈಗೆ ಹತ್ತದು. ಮಗಳದು ಅಜ್ಜಿಯ ಮೈಕಟ್ಟು. ಚಿಕ್ಕಂದಿನಿಂದಲೂ ದುಂಡಗೆ ಬೆಳೆದವಳು. ಈಗ ಕಾಲೇಜಿನಲ್ಲಿ ಎರಡನೇ ವರ್ಷ, ರಸಾಯನಶಾಸ್ತ್ರ ಓದುತ್ತಿದ್ದಾಳೆ. ಎರಡೂ ಕಡೆಯ ಮನೆತನದಲ್ಲಿ ಲ್ಯಾಬಿನೊಳಗೆ ಕಾಲಿಟ್ಟವಳು ಇವಳೇ ಮೊದಲು. ಅದನ್ನು ಹೇಳುವಾಗ ಟೈಲರಮ್ಮನ ಕುತ್ತಿಗೆ ಸ್ವಲ್ಪ ಉದ್ದವಾಗುತ್ತಿತ್ತು.

ಆದರೆ ಊರವರ ಮಾತು ಕೇಳಿ ಕೇಳಿ ಅವಳೂ ಒಂದು ಉಪಾಯ ಹೂಡಿದ್ದಳು. ಟೈಲರ್ ಮಾತ್ರ ಹೂಡಬಹುದಾದ ಉಪಾಯ. ಗಿರಾಕಿಗಳ ಬಟ್ಟೆ ಹೊಲಿಯುವಾಗ ಅವಳು ಒಳಗಡೆ ಧಾರಾಳವಾಗಿ ಮಾರ್ಜಿನ್ ಬಿಡುತ್ತಿದ್ದಳು. "ಮೈ ಅಂದ್ಮೇಲೆ ಏರುತ್ತೆ, ಇಳಿಯುತ್ತೆ. ಬಟ್ಟೆ ತಾನೆ ಹೊಂದಿಕೋಬೇಕು?" ಎಂದು ಅವರಿಗೆ ಸಮಾಧಾನವನ್ನೂ ಹೇಳುತ್ತಿದ್ದಳು. ಮಗಳ ಬಟ್ಟೆಗೆ ಮಾತ್ರ ಈ ನ್ಯಾಯ ಇರಲಿಲ್ಲ. ಮಗಳ ಅಳತೆ ತೆಗೆಯುವುದನ್ನೇ ಅವಳು ನಿಲ್ಲಿಸಿದ್ದಳು. ಹಿಂದೆ ಎಂದೋ ಹೈಸ್ಕೂಲಿನಲ್ಲಿದ್ದಾಗಿನ ಅಳತೆಗೇ ಕತ್ತರಿಸಿ, ಉಳಿದ ಅಂಚನ್ನೂ ಕತ್ತರಿಸಿ ಹಾಕಿ, ಇನ್ನೊಂದಿಷ್ಟು ಒಳಗೆ ಹಿಡಿದು ಹೊಲಿದುಬಿಡುತ್ತಿದ್ದಳು. ಬಟ್ಟೆ ಬಿಗಿಯಾದರೆ ನಾಚಿಕೆಗಾದರೂ ಇಳಿಯುತ್ತಾಳೆ ಎಂಬುದು ಅವಳ ಲೆಕ್ಕ. ಹೊಸ ಲ್ಯಾಬ್ ಕೋಟನ್ನೂ ಹಾಗೇ ಹೊಲಿದಿಟ್ಟಿದ್ದಳು.

ಇತ್ತೀಚೆಗೆ ಮಗಳಿಗೆ ಯಾವಾಗ ನೋಡಿದರೂ ಸುಸ್ತು. ಬಾಚಣಿಗೆ ತುಂಬ ಕೂದಲು. ಓದಲು ಕೂತವಳು ಪುಸ್ತಕದ ಮೇಲೆಯೇ ನಿದ್ದೆ ಹೋಗುತ್ತಿದ್ದಳು. ಬೀದಿಯ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ಕುರ್ಚಿಯಿಂದ ಏಳದೆ, ಕನ್ನಡಕದ ಮೇಲಿಂದ ನೋಡಿ, "ತೂಕ ಇಳಿಸಮ್ಮ, ಎಲ್ಲಾ ಸರಿಹೋಗುತ್ತೆ" ಎಂದಿದ್ದರು. ಮತ್ತೊಮ್ಮೆ ಹೋದಾಗಲೂ ಅದೇ ಮಾತು. ಮೂರನೇ ಸಲ ಮಗಳು ಬರಲೇ ಇಲ್ಲ. "ಅವರು ಏನು ಹೇಳ್ತಾರೆ ಅಂತ ನನಗೆ ಗೊತ್ತು, ಅದಕ್ಕೆ ಅಲ್ಲಿವರೆಗೆ ಯಾಕೆ ಹೋಗಬೇಕು?" ಎಂದಳು.

ಕೊನೆಗೆ ಒಂದು ಬೆಳಗ್ಗೆ, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿರುವಾಗ, ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ಅಮ್ಮ, ನಾನು ಕಾಲೇಜು ಬಿಡ್ತೀನಿ. ಲ್ಯಾಬ್ ಮೂರನೇ ಮಹಡೀಲಿದೆ. ನಂಗೆ ಹತ್ತೋಕಾಗ್ತಿಲ್ಲ. ನಡುವೆ ನಿಂತುಕೊಂಡ್ರೆ ಹಿಂದಿರೋರು ನಗ್ತಾರೆ."

ಟೈಲರಮ್ಮನ ಕೈಯ ಕತ್ತರಿ ನಿಂತಿತು. ಆದರೆ ಬಾಯಿಂದ ಬಂದದ್ದು ಅದೇ ಹಳೆಯ ಮಾತು. "ಅದಕ್ಕೇ ತಾನೆ ಹೇಳೋದು ಮೈ ಇಳಿಸು ಅಂತ!"

ಮಗಳು ಪರದೆಯಾಚೆ ಹೋದಳು.

ಅಂದೇ ಮಧ್ಯಾಹ್ನ ಮಗಳ ಸಹಪಾಠಿಯೊಬ್ಬಳು ಅಂಗಡಿಗೆ ಬಂದಳು. ಬಾಯಿ ತೆರೆದರೆ ನಿಲ್ಲಿಸುವುದಿಲ್ಲ ಎಂದು ಕಾಲೇಜಿನಲ್ಲಿ ಅವಳಿಗೆ ಎಲ್ಲರೂ ರೇಡಿಯೋ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ಅವಳೇ ಮೊದಲು ನಗುತ್ತಿದ್ದಳು. ಕಂಕುಳಲ್ಲಿ ಹಸಿರು ಬಟ್ಟೆಯ ದೊಡ್ಡ ಗಂಟು.

"ಆಂಟಿ, ನಮ್ಮ ತಂಡಕ್ಕೆ ತೋಳಿಲ್ಲದ ಜಾಕೆಟ್ ಹೊಲಿದುಕೊಡಬೇಕು. ಕಾಲೇಜಿನ ಆರೋಗ್ಯ ಕೇಂದ್ರದವರು ನಮಗೆ ತರಬೇತಿ ಕೊಟ್ಟಿದಾರೆ. ಆರೋಗ್ಯ ಜೊತೆಗಾರರು ಅಂತ."

"ಜೊತೆಗಾರರು ಅಂದ್ರೆ? ಸೂಜಿ ಚುಚ್ತೀರೇನು?"

"ಅಯ್ಯೋ ಇಲ್ಲ ಆಂಟಿ, ನಾವೇನು ಡಾಕ್ಟರಾ? ಓದೋ ಹುಡುಗರಿಗೆ ಊಟ, ನಿದ್ದೆ, ಬೇಜಾರು, ಮೈಕೈ ಆಡಿಸೋದು, ಇದರಲ್ಲಿ ಏನಾದ್ರೂ ತೊಂದರೆ ಇದ್ರೆ ಕೂತು ಕೇಳ್ತೀವಿ. ಡಾಕ್ಟರ ಹತ್ರ ಹೋಗೋಕೆ ಹೆದರಿಕೆ ಆದ್ರೆ ಜೊತೇಲಿ ಹೋಗ್ತೀವಿ. ಬಿಪಿ ನೋಡೋಕೂ ಕಲಿಸಿದಾರೆ. ಅಷ್ಟೇ."

"ನೀನು? ಕೂತು ಕೇಳ್ತೀಯ?" ಟೈಲರಮ್ಮನಿಗೆ ನಗು ಬಂತು.

"ತರಬೇತಿಯಲ್ಲಿ ಮೊದಲು ಕಲಿಸಿದ್ದೇ ಬಾಯಿ ಮುಚ್ಚಿಕೊಂಡಿರೋದನ್ನ ಆಂಟಿ. ನಂಗೆ ತುಂಬ ಕಷ್ಟವಾಯ್ತು."

ಟೈಲರಮ್ಮ ನಗುತ್ತಲೇ ಟೇಪು ಎಳೆದು ಕೊರಳಿಗೆ ಹಾಕಿಕೊಂಡಳು. "ಸರಿ, ಯಾರ್ಯಾರ ಅಳತೆ ಎಷ್ಟು?"

"ಅಳತೆ ಬೇಡ ಆಂಟಿ. ಎರಡೂ ಪಕ್ಕ ದಾರ ಕಟ್ಟೋ ಥರ ಮಾಡಿಬಿಡಿ. ಯಾರು ಬೇಕಾದ್ರೂ ಹಾಕ್ಕೋಬೇಕು. ತಂಡದಲ್ಲಿ ದಪ್ಪಗಿರೋರಿದಾರೆ, ಸಣ್ಣಗಿರೋರಿದಾರೆ. ಒಬ್ಬರ ಮೈ ಬಗ್ಗೆ ಇನ್ನೊಬ್ಬರು ಮಾತಾಡಬಾರದು ಅನ್ನೋದೇ ನಮ್ಮ ಮೊದಲ ನಿಯಮ."

ಇಲ್ಲಿ ಟೈಲರಮ್ಮನ ಹುಬ್ಬು ಮೇಲಕ್ಕೆ ಹೋಯಿತು. "ಅದೆಂಥ ಆರೋಗ್ಯ ತಂಡ ಕಣೇ ನಿಮ್ದು? ದಪ್ಪಗಿರೋರಿಗೆ ದಪ್ಪ ಇದೀರ ಅಂತ ಹೇಳದೆ ಇನ್ನೇನು ಹೇಳ್ತೀರ? ಸಕ್ಕರೆ ಕಾಯಿಲೆ ಬರುತ್ತೆ, ಬಿಪಿ ಬರುತ್ತೆ. ತಿಂದ್ಕೊಂಡು ಹಾಯಾಗಿರಿ ಅಂತೀರಾ?"

"ಹಾಗಲ್ಲ ಆಂಟಿ. ಸಕ್ಕರೆ ಇದೆಯಾ ಅಂತ ರಕ್ತ ನೋಡಿ ಹೇಳಬೇಕು, ಬಿಪಿ ಇದೆಯಾ ಅಂತ ಪಟ್ಟಿ ಕಟ್ಟಿ ಹೇಳಬೇಕು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿ ನಿದ್ದೆ ಮಾಡು, ಇಷ್ಟವಾದ ಆಟ ಆಡು, ನಡಿ, ಕುಣಿ. ಇದು ದಪ್ಪಗಿರೋರಿಗೂ ಬೇಕು, ಸಣ್ಣಗಿರೋರಿಗೂ ಬೇಕು. ತೂಕ ಇಳಿದರೂ ಇಳೀದಿದ್ರೂ ಅದರಿಂದ ಒಳ್ಳೇದೇ. ಇನ್ನು ದಪ್ಪ ಇದೀಯ ಅನ್ನೋ ಮಾತು... ಅದು ಅವರಿಗೆ ಗೊತ್ತಿಲ್ಲದ ಸುದ್ದಿಯಾ ಆಂಟಿ? ಬೆಳಗ್ಗೆಯಿಂದ ಎಷ್ಟು ಜನ ಹೇಳಿರ್ತಾರೆ!"

ಟೈಲರಮ್ಮನಿಗೆ ಅದು ಸರಿಕಾಣಲಿಲ್ಲ. ಕಾಲೇಜು ಹುಡುಗರಿಗೆ ಮಾತಿಗೇನು ಬರವೇ ಎಂದುಕೊಂಡಳು. ಮಾತು ಬದಲಿಸಲು ಒಳಗೆ ಕೂಗಿದಳು. "ಏ, ನಿನ್ನ ಫ್ರೆಂಡ್ ಬಂದಿದಾಳೆ. ಹಾಗೇ ಆ ಲ್ಯಾಬ್ ಕೋಟು ಹಾಕ್ಕೊಂಡು ಬಾ, ಹೇಗಿದೆ ನೋಡೋಣ."

ಮಗಳು ಕೋಟು ಹಾಕಿಕೊಂಡು ಬಂದಳು. ತೋಳು ಹೋಯಿತು, ಗುಂಡಿ ಹಾಕಲು ಬರಲಿಲ್ಲ. ಟೈಲರಮ್ಮ ತಾನೇ ಎದ್ದು ಎರಡೂ ಅಂಚನ್ನು ಹಿಡಿದು ಎಳೆದಳು. "ಉಸಿರು ಒಳಗೆ ಎಳ್ಕೋ. ಇನ್ನೂ ಸ್ವಲ್ಪ. ಇನ್ನೂ." ಒಂದು ಗುಂಡಿ ಸೇರಿತು, ಇನ್ನೊಂದು ಸೇರಿತು. ಮಗಳ ತುಟಿ ಬಿಳಚಿಕೊಂಡದ್ದು ರೇಡಿಯೋಗೆ ಮೊದಲು ಕಂಡಿತು. ಅವಳು "ಆಂಟಿ, ಬಿಡಿ" ಎನ್ನುವಷ್ಟರಲ್ಲಿ ಮಗಳು ಬಟ್ಟೆಯ ರಾಶಿಯ ಮೇಲೆ ಕುಸಿದಿದ್ದಳು.

ಟೈಲರಮ್ಮ ಗುಂಡಿಗೆ ಕೈ ಹಾಕಿದಳು. ಲೋಕಕ್ಕೆಲ್ಲ ಕಾಜಾ ಹೊಲಿದುಕೊಟ್ಟ ಬೆರಳುಗಳಿಗೆ ಆ ಗುಂಡಿ ಬಿಚ್ಚಲು ಬರಲಿಲ್ಲ. ರೇಡಿಯೋ ಕತ್ತರಿ ತೆಗೆದುಕೊಂಡು ಗುಂಡಿಯ ದಾರ ಕತ್ತರಿಸಿ ಕೋಟು ಸಡಿಲಿಸಿದಳು. ಗೆಳತಿಯನ್ನು ಅಂಗಾತ ಮಲಗಿಸಿ, ಕಾಲ ಕೆಳಗೆ ಹಸಿರು ಬಟ್ಟೆಯ ಗಂಟಿಟ್ಟು ಎತ್ತರಿಸಿದಳು. ಕಿಟಕಿ ತೆರೆದಳು. ಸ್ವಲ್ಪ ಹೊತ್ತಿಗೆ ಮಗಳು ಕಣ್ಣು ಬಿಟ್ಟಳು.

"ಇವತ್ತು ಏನು ತಿಂದೆ?" ರೇಡಿಯೋ ಮೆಲ್ಲಗೆ ಕೇಳಿದಳು.

"ಏನೂ ಇಲ್ಲ."

"ನಿನ್ನೆ?"

ಮಗಳು ತಾಯಿಯ ಕಡೆ ನೋಡಿ ಮುಖ ತಿರುಗಿಸಿಕೊಂಡಳು. ಡಬ್ಬಿಯ ಊಟವನ್ನು ಅವಳು ದಿನಾ ಕಾಲೇಜಿನಲ್ಲಿ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದಳು. ಆಗಲಾದರೂ ಕೋಟಿನ ಗುಂಡಿ ಸೇರಲಿ ಎಂದು.

ಈ ಹೊತ್ತಿಗೆ ಗಂಡನಿಗೂ ಫೋನು ಹೋಗಿತ್ತು. ಅವನು ಕೈಗೆ ಅಂಟಿದ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿ ಬಂದ. "ನಡೀರಿ, ಬೀದಿ ಕೊನೆ ಡಾಕ್ಟರ ಹತ್ರ ಹೋಗೋಣ" ಎಂದ.

"ನಾ ಬರಲ್ಲ," ಎಂದಳು ಮಗಳು. ನಿಲ್ಲಲು ಶಕ್ತಿ ಇಲ್ಲದಿದ್ದರೂ ಬರುವುದಿಲ್ಲ ಎನ್ನಲು ಶಕ್ತಿ ಇತ್ತು. "ಅವರು ನನ್ನ ಮುಟ್ಟಿ ಕೂಡ ನೋಡಲ್ಲ."

ರೇಡಿಯೋ ಅವಳ ಪಕ್ಕ ನೆಲದ ಮೇಲೆ ಕೂತಳು. "ನಮ್ಮ ಆರೋಗ್ಯ ಕೇಂದ್ರಕ್ಕೆ ಹೋಗೋಣ. ನಾನು ಪಕ್ಕದಲ್ಲೇ ಇರ್ತೀನಿ. ತೂಕದ ಯಂತ್ರದ ಮೇಲೆ ನಿಲ್ಲೋಕೆ ಇಷ್ಟ ಇಲ್ಲ ಅಂದ್ರೆ ಬೇಡ ಅನ್ನಬಹುದು. ಔಷಧಿ ಎಷ್ಟು ಕೊಡಬೇಕು ಅನ್ನೋಕೆ ತೂಕ ಬೇಕಾದ್ರೆ ಅವರೇ ಕಾರಣ ಹೇಳಿ ಕೇಳ್ತಾರೆ. ಆಗಲೂ ನೀನು ಬೆನ್ನು ತಿರುಗಿಸಿ ನಿಲ್ಲು, ಜೋರಾಗಿ ಓದಬೇಡಿ ಅನ್ನು. ಅದು ನಿನ್ನ ಹಕ್ಕು."

ಇದನ್ನು ಕೇಳಿ ಮಗಳು ಎದ್ದು ಕೂತಳು. ತಾನು ಬೇಡಿಕೊಂಡರೂ ಬಾರದವಳು ಈ ಮಾತಿಗೆ ಎದ್ದಳಲ್ಲ ಎಂದು ಟೈಲರಮ್ಮನಿಗೆ ಒಳಗೊಳಗೇ ಚುಚ್ಚಿತು.

ಕಾಲೇಜಿನ ಆರೋಗ್ಯ ಕೇಂದ್ರ ಎಂದರೆ ಗ್ರಂಥಾಲಯದ ಹಿಂಭಾಗದ ಎರಡು ಕೋಣೆ. ಡಾಕ್ಟರು ನಡುವಯಸ್ಸಿನ ಹೆಂಗಸು. ನಾಡಿ ಹಿಡಿದು ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಆಮೇಲೆ ಮಗಳನ್ನೇ ಕೇಳಿದರು. "ಅಮ್ಮ ಒಳಗೆ ಇರಲಾ, ಹೊರಗೆ ಕೂತ್ಕೊಳ್ಳಲಾ?"

ಮಗಳು ಯೋಚಿಸಿ, "ಇರಲಿ" ಎಂದಳು. ಟೈಲರಮ್ಮ ಗೋಡೆಗೆ ಒರಗಿ ನಿಂತಳು. ಡಾಕ್ಟರು ಇನ್ನೂ ಬಾಯಿ ತೆರೆಯುವ ಮೊದಲೇ ಅವಳಿಗೆ ತಡೆಯಲಾಗಲಿಲ್ಲ. "ಎಲ್ಲಾ ತೂಕದಿಂದಲೇ ಅಲ್ವಾ ಡಾಕ್ಟ್ರೇ?"

ರೇಡಿಯೋ ಮೂಲೆಯಿಂದ ನಯವಾಗಿ ಕೇಳಿದಳು. "ಮೇಡಂ, ಸಣ್ಣಗಿರೋ ಹುಡುಗಿ ಬಂದು ಸುಸ್ತು, ಉಸಿರು ಕಟ್ಟುತ್ತೆ, ಕೂದಲು ಉದುರುತ್ತೆ, ತಲೆ ಸುತ್ತುತ್ತೆ ಅಂದಿದ್ರೆ ನೀವು ಯಾವ ಪರೀಕ್ಷೆ ಮಾಡಿಸ್ತಿದ್ರಿ?"

"ರಕ್ತ ಪರೀಕ್ಷೆ," ಎಂದರು ಡಾಕ್ಟರು. "ಇವಳಿಗೂ ಅದನ್ನೇ ಮಾಡಿಸೋದು." ಮಗಳ ಕಡೆ ತಿರುಗಿ, "ಮುಟ್ಟು ಹೇಗೆ ಆಗುತ್ತೆ?" ಎಂದು ಕೇಳಿದರು.

ಮಗಳು ತಲೆ ತಗ್ಗಿಸಿ ಹೇಳಿದಳು. ಬಹಳ ದಿನ ಇರುತ್ತೆ. ತುಂಬ ಹೋಗುತ್ತೆ. ಗಡ್ಡೆ ಗಡ್ಡೆಯಾಗಿ ಹೋಗುತ್ತೆ. ಕ್ಲಾಸಿನಲ್ಲಿ ಎದ್ದು ನಿಲ್ಲಲು ಹೆದರಿಕೆಯಾಗುತ್ತೆ. ಹೋದ ವರ್ಷದಿಂದ ಹೀಗೇ.

ಟೈಲರಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ವರ್ಷದಿಂದ? ನನಗೆ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ದೆ ಅಮ್ಮ."

ಅಷ್ಟೇ ಅಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ. ಟೈಲರಮ್ಮನಿಗೆ ಆಗ ನೆನಪಾಯಿತು. ಯಾರದೋ ತುರ್ತು ಕೆಲಸ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮೆಷಿನ್ ತುಳಿಯುತ್ತಿದ್ದಳು. ಮಗಳು ಪಕ್ಕದಲ್ಲಿ ನಿಂತು ಏನೋ ಹೇಳಿದ್ದಳು. ಅವಳು ತಲೆ ಎತ್ತದೆ, ಹಲ್ಲಿನ ಸಂದಿಯಿಂದಲೇ, "ಮೈ ಇಳಿಸು, ಎಲ್ಲಾ ಸರಿಹೋಗುತ್ತೆ" ಎಂದಿದ್ದಳು. ಕುರ್ಚಿಯಿಂದ ಏಳದ ಆ ಡಾಕ್ಟರಿಗೂ ತನಗೂ ಏನು ವ್ಯತ್ಯಾಸ ಎಂದು ಅನಿಸಿ ಅವಳಿಗೆ ಅಲ್ಲಿಯೇ ಅಳು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರು ಒಂದು ಲೋಟ ನೀರು ಕೊಟ್ಟರು.

ಮರುದಿನ ವರದಿ ಬಂತು. ಮಗಳ ರಕ್ತದಲ್ಲಿ ಹಿಮೋಗ್ಲೋಬಿನ್ ಇರಬೇಕಾದ್ದರ ಅರ್ಧಕ್ಕಿಂತ ತುಸು ಮೇಲಿತ್ತು, ಅಷ್ಟೇ. ಸಕ್ಕರೆ ಸರಿಯಾಗಿತ್ತು. ಬಿಪಿಯೂ ಸರಿಯಾಗಿತ್ತು. "ಇದು ರಕ್ತಹೀನತೆ," ಎಂದರು ಡಾಕ್ಟರು. "ರಕ್ತ ಹೋಗ್ತಾ ಇದೆ, ಊಟ ಬಿಟ್ಟಿದಾಳೆ, ಇನ್ನೆಲ್ಲಿಂದ ಬರಬೇಕು? ಮೆಟ್ಟಿಲು ಹತ್ತೋಕಾಗದೇ ಇದ್ದದ್ದು ಇದಕ್ಕೇ. ಕಬ್ಬಿಣಾಂಶದ ಮಾತ್ರೆ ಕೊಡ್ತೀನಿ. ಅಷ್ಟೊಂದು ರಕ್ತ ಯಾಕೆ ಹೋಗ್ತಿದೆ ಅಂತ ಸ್ತ್ರೀರೋಗ ತಜ್ಞರು ನೋಡಬೇಕು, ಚೀಟಿ ಬರೆದಿದೀನಿ. ಇನ್ನೂ ತಡ ಮಾಡಿದ್ರೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಿಸಬೇಕಾಗ್ತಿತ್ತು."

"ಹಾಗಾದ್ರೆ ತೂಕದ ವಿಷಯ?" ಟೈಲರಮ್ಮ ಸಣ್ಣ ದನಿಯಲ್ಲಿ ಕೇಳಿದಳು. ಹಳೆಯ ಅನುಮಾನ ಒಂದೇ ದಿನಕ್ಕೆ ಹೋಗುವುದಿಲ್ಲವಲ್ಲ.

"ತೂಕಾನೂ ಒಂದು ವಿಷಯ ಹೌದು. ಕೆಲವು ಕಾಯಿಲೆಗೆ ಅದನ್ನೂ ನೋಡ್ತೀವಿ. ಆದ್ರೆ ಎಲ್ಲಾ ಕಾಯಿಲೆಗೂ ಅದೇ ಉತ್ತರ ಅಲ್ಲ. ಅದೇ ಉತ್ತರ ಅಂತ ಕೂತ್ರೆ ನಿಜವಾದ ಕಾಯಿಲೆ ತಪ್ಪಿಸಿಕೊಂಡು ಹೋಗುತ್ತೆ. ಉಪವಾಸ ಕೆಡವಿದ್ರೆ ಇನ್ನೂ ಕೆಡುತ್ತೆ."

ಹೊರಗೆ ಜಗುಲಿಯಲ್ಲಿ ಜೊತೆಗಾರ ಹುಡುಗರು ಮೇಜು ಹಾಕಿಕೊಂಡು ಬಂದವರಿಗೆಲ್ಲ ಬಿಪಿ ನೋಡುತ್ತಿದ್ದರು. ಮಗಳ ಸಕ್ಕರೆ, ಬಿಪಿ ಸರಿಯಾಗಿದೆ ಎಂದು ಕೇಳಿದ ಅಪ್ಪನಿಗೆ ಹುರುಪು ಬಂದಿತ್ತು. ಅಂಗಿ ತೋಳು ಮಡಿಸಿ ತನ್ನ ಕಡ್ಡಿಯಂಥ ಕೈಯನ್ನು ಮುಂದಿಟ್ಟ. "ನೋಡ್ರಪ್ಪ, ಸ್ವಲ್ಪ ಜನಕ್ಕೆ ತೋರಿಸಿ. ಈ ಮೈಯಲ್ಲಿ ಕಾಯಿಲೆಗೆ ಕೂರೋಕೆ ಜಾಗ ಎಲ್ಲಿದೆ?"

ಹುಡುಗ ಪಟ್ಟಿ ಕಟ್ಟಿ ನೋಡಿದ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದ. ಇನ್ನೊಂದು ಕೈಗೆ ಕಟ್ಟಿಯೂ ನೋಡಿದ. ಆಮೇಲೆ ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದ. ಅಪ್ಪನ ಬಿಪಿ ಚೆನ್ನಾಗಿಯೇ ಏರಿತ್ತು. ನಾಲ್ಕಾರು ದಿನ ಬಿಟ್ಟು ಬಿಟ್ಟು ನೋಡಬೇಕು, ಹೀಗೇ ಇದ್ದರೆ ಮಾತ್ರೆ ಶುರು ಮಾಡಬೇಕು ಎಂದರು ಡಾಕ್ಟರು. "ಇಷ್ಟು ವರ್ಷದಲ್ಲಿ ಒಮ್ಮೆಯೂ ತೋರಿಸಿರಲಿಲ್ವಾ?"

"ಯಾರೂ ತೋರಿಸು ಅಂತ ಹೇಳಲೇ ಇಲ್ವಲ್ಲ ಮೇಡಂ," ಎಂದ ಅಪ್ಪ, ಮುಖ ಸಪ್ಪೆ ಮಾಡಿಕೊಂಡು.

ಟೈಲರಮ್ಮ ಗಂಡನನ್ನೂ ಮಗಳನ್ನೂ ಒಮ್ಮೆ ನೋಡಿದಳು. ಊರವರು ಕಾಯಿಲೆ ಎಂದು ಬೆರಳು ತೋರಿಸಿದವಳ ಬಿಪಿ ಸರಿ ಇದೆ. ಆರೋಗ್ಯ ಎಂದರೆ ಹೀಗಿರಬೇಕು ಎಂದು ತೋರಿಸಿದವನ ಬಿಪಿ ಏರಿ ಕೂತಿದೆ. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ ಎಂದು ರೇಡಿಯೋ ಹೇಳಿದ ಮಾತು ಅವಳಿಗೆ ಈಗ ಪೂರ್ತಿ ಮನಸ್ಸಿಗಿಳಿಯಿತು.

ಮನೆಗೆ ಬಂದವಳೇ ಆ ಕೋಟನ್ನು ತೆಗೆದು ಹೊಲಿಗೆ ಬಿಚ್ಚಲು ಕೂತಳು. ಬಿಚ್ಚಿದರೆ ಅಗಲ ಮಾಡಲು ಒಳಗೆ ಬಟ್ಟೆಯೇ ಇಲ್ಲ. ಅಂಚನ್ನು ಕತ್ತರಿಸಿ ಎಸೆದವಳು ತಾನೇ ತಾನೆ. ಕೊನೆಗೆ ಹೊಸ ಬಟ್ಟೆ ತೆಗೆದು ಹಾಸಿ ಮಗಳನ್ನು ಕರೆದಳು. "ಬಾ, ನಿನ್ನ ಅಳತೆ ತೆಗೀಬೇಕು." ಮಗಳು ಬಂದು, ಅಭ್ಯಾಸ ಬಲದಿಂದ, ಹೊಟ್ಟೆ ಒಳಗೆಳೆದುಕೊಂಡು ನಿಂತಳು. "ಉಸಿರು ಬಿಡೇ," ಎಂದಳು ಟೈಲರಮ್ಮ. "ಇದ್ದ ಹಾಗೆ ನಿಂತ್ಕೋ." ಟೇಪಿನ ಮೇಲಿನ ಸಂಖ್ಯೆಯನ್ನು ಜೋರಾಗಿ ಓದದೆ ಬಟ್ಟೆಯ ಮೇಲೆ ಗುರುತು ಹಾಕಿಕೊಂಡಳು.

ಮಗಳು ಚೇತರಿಸಿಕೊಳ್ಳುವವರೆಗೆ ಸಿಬ್ಬಂದಿಯ ಲಿಫ್ಟ್ ಬಳಸಲು ರೇಡಿಯೋ ಪ್ರಾಂಶುಪಾಲರಿಂದ ಒಪ್ಪಿಗೆ ಪಡೆದಳು. "ಲಿಫ್ಟ್ ರಿಪೇರಿ ಮಾಡೋನ ಮಗಳು ಇಷ್ಟು ದಿನ ಮೆಟ್ಟಿಲು ಹತ್ತಿದ್ದೇ ಹೆಚ್ಚು" ಎಂದು ಅಪ್ಪ ಜಂಬ ಕೊಚ್ಚಿದ. ಮಗಳು ಮಾತ್ರೆ ತಪ್ಪಿಸಲಿಲ್ಲ, ಊಟದ ಡಬ್ಬಿ ಖಾಲಿ ಮಾಡಿ ತರತೊಡಗಿದಳು. ತಜ್ಞರ ಚಿಕಿತ್ಸೆಯಿಂದ ಮುಟ್ಟಿನ ತೊಂದರೆಯೂ ಹಿಡಿತಕ್ಕೆ ಬಂತು. ಸಂಜೆ ಅಪ್ಪನ ಜೊತೆ ನಡೆಯಲು ಹೋಗುತ್ತಿದ್ದಳು, ಯಾಕೆಂದರೆ ಈಗ ಅಪ್ಪನಿಗೂ ನಡೆಯಬೇಕಾಗಿತ್ತು. ಪ್ರಾಕ್ಟಿಕಲ್ ಪರೀಕ್ಷೆ ಮಾಡಿ ಮುಗಿಸಿದಳು. ಕಾಲೇಜು ಬಿಡುವ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ.

ಒಂದು ದಿನ ಎದುರುಮನೆಯಾಕೆ ಜಿಪ್ ಹಾಕಿಸಲು ಬಂದಳು. ಒಳಗಿನಿಂದ ಮಗಳ ನಗು ಕೇಳಿಸುತ್ತಿತ್ತು. ಆಕೆ ಪರದೆಯ ಕಡೆ ಕತ್ತು ಚಾಚಿ, "ಮುಖದಲ್ಲಿ ಕಳೆ ಬಂದಿದೆ ಕಣ್ರೀ. ಎಷ್ಟು ಇಳಿದಳು?" ಎಂದು ಕೇಳಿದಳು.

"ಇಳಿದಿಲ್ಲ," ಎಂದಳು ಟೈಲರಮ್ಮ, "ಹುಷಾರಾಗಿದಾಳೆ."

"ಆದ್ರೂ ನೋಡಿ, ನಾನು ಹೇಳೋದು ಅವಳ ಒಳ್ಳೇದಕ್ಕೇ..."

ಟೈಲರಮ್ಮ ಮೆಷಿನ್ ನಿಲ್ಲಿಸಿದಳು. "ನನಗೂ ಹಾಗೇ ಅನ್ನಿಸ್ತಿತ್ತು. ಒಳ್ಳೇದಕ್ಕೆ ಅಂತಲೇ ಹೇಳ್ತಿದ್ದೆ. ಅದನ್ನ ಹೇಳ್ತಾ ಹೇಳ್ತಾ ಮಗಳು ಏನು ಹೇಳ್ತಿದಾಳೆ ಅಂತ ಕೇಳಲೇ ಇಲ್ಲ. ಇನ್ಮೇಲೆ ಈ ಅಂಗಡೀಲಿ ನನ್ನ ಮಗಳ ಮೈ ಬಗ್ಗೆ ಮಾತು ಬೇಡ. ಬಟ್ಟೆ ಬಗ್ಗೆ ಎಷ್ಟು ಬೇಕಾದ್ರೂ ಆಡಿ."

ಎದುರುಮನೆಯಾಕೆ ಮುಖ ಊದಿಸಿಕೊಂಡು ಹೋದಳು. ಜಿಪ್ ಹಾಕುವ ಬಟ್ಟೆಯನ್ನು ಮಾತ್ರ ಬಿಟ್ಟೇ ಹೋದಳು, ಅಷ್ಟು ಚೆನ್ನಾಗಿ ಹೊಲಿಯುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಪರದೆ ಸರಿಯಿತು. ಮಗಳು ಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡ ಮುಖ. ಅಷ್ಟರಲ್ಲಿ ಟೈಲರಮ್ಮ ಮತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸಕ್ಕೆ ಕೂತಿದ್ದಳು. ಮಗಳನ್ನು ಕಂಡು ಅವನ್ನು ಒಂದೊಂದಾಗಿ ತೆಗೆದಿಟ್ಟಳು. ಪಕ್ಕದ ಸ್ಟೂಲನ್ನು ಎಳೆದು ಮಗಳಿಗೆ ಕೊಟ್ಟಳು.

"ಇವತ್ತು ಹೇಗಿದೀಯೇ?" ಎಂದು ಕೇಳಿದಳು.

ಮಗಳು ಕೂತಳು, ಹೇಳಲು ಶುರುಮಾಡಿದಳು. ಹೇಳಬೇಕಾದ್ದು ಬಹಳ ಇತ್ತು. ತುರ್ತು ಬಟ್ಟೆಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು, ಟೈಲರಮ್ಮ ಕೇಳುತ್ತಲೇ ಇದ್ದಳು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಮಗಳೋ ಮಗನೋ ಸುಸ್ತು ಎನ್ನುತ್ತಿರಬಹುದು, ನೋವು ಎನ್ನುತ್ತಿರಬಹುದು. ಮೈ ನೋಡಿ ಉತ್ತರ ಹೇಳಬೇಡಿ. ದಪ್ಪಗಿದ್ದರೂ ಪರೀಕ್ಷೆ ಮಾಡಿಸಿ, ಸಣ್ಣಗಿದ್ದರೂ ಪರೀಕ್ಷೆ ಮಾಡಿಸಿ. ಊಟ ಬಿಡಿಸಬೇಡಿ. ಡಾಕ್ಟರು ತೂಕವನ್ನಷ್ಟೇ ಹೇಳಿ ಕಳಿಸಿದರೆ, ಬೇರೆ ಕಾರಣವೂ ಇರಬಹುದೇ ಎಂದು ಧೈರ್ಯವಾಗಿ ಕೇಳಿ. ಓದುವ ಗೆಳೆಯ ಗೆಳತಿಯರೇ, ನಿಮ್ಮ ಕಾಲೇಜಿನಲ್ಲಿ ಆರೋಗ್ಯ ಜೊತೆಗಾರರಿದ್ದರೆ ಹೋಗಿ ಮಾತಾಡಿ, ಇಲ್ಲದಿದ್ದರೆ ನೀವೇ ನಾಲ್ಕು ಜನ ಸೇರಿ ಆರೋಗ್ಯ ಕೇಂದ್ರದವರನ್ನು ಕೇಳಿ ಶುರುಮಾಡಿ. ಮೆಟ್ಟಿಲ ನಡುವೆ ಯಾರಾದರೂ ಏದುಸಿರು ಬಿಡುತ್ತ ನಿಂತಿದ್ದರೆ ನಗಬೇಡಿ, ಪಕ್ಕದಲ್ಲಿ ನೀವೂ ಸ್ವಲ್ಪ ನಿಲ್ಲಿ.

ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ಹೇಗಿದ್ದೀಯ ಎಂದು ಕೇಳಿ. ಕೇಳಿದ ಮೇಲೆ, ಅದು ಹೇಳಿ ಮುಗಿಸುವವರೆಗೆ ಸುಮ್ಮನಿರಿ.